ತೆರ, ಸುಟ್ಟ ನೋಟ್‌ಬುಕ್, ಎಂಟು ಪೌಂಡ್: ಯಾರು ಈ ಬುಚಿ ಎಮೆಚೆಟಾ?

'ತೆರ ಕೊಟ್ಟು ತಂದ ಹೆಣ್ಣು' ಅನ್ನುವ ಮಾತು ಈಗಿನವರ ಕಿವಿಗೆ ಅಷ್ಟಾಗಿ ಬಿದ್ದಿರಲಿಕ್ಕಿಲ್ಲ. ವರದಕ್ಷಿಣೆ ಎಲ್ಲರಿಗೂ ಗೊತ್ತು. ಹುಡುಗಿ ಕಡೆಯವರು ಹುಡುಗನ ಕಡೆಗೆ ಕೊಡುವುದು. ತೆರ ಅದರ ಉಲ್ಟಾ. ಹುಡುಗನ ಕಡೆಯವರು ಹುಡುಗಿಯ ಅಪ್ಪನಿಗೆ ಕೊಡುವುದು. ನಮ್ಮಲ್ಲಿ ಎಷ್ಟೋ ಸಮುದಾಯಗಳಲ್ಲಿ ಹಿಂದೆ ಇದೇ ರೂಢಿ ಇತ್ತು.

ಈ ಒಂದು ಪದ ಗೊತ್ತಿದ್ದರೆ ನೈಜೀರಿಯಾದ ಕಾದಂಬರಿಕಾರ್ತಿ ಬುಚಿ ಎಮೆಚೆಟಾ ಅವರನ್ನು ಓದುವ ಅರ್ಧ ಕೆಲಸ ಮುಗಿದ ಹಾಗೆ.

ಈ ಹೆಸರು ಈಗ ಯಾಕೆ?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂತು. ಮನೆ, ಮದುವೆ, ಹೆರಿಗೆ, ಮಕ್ಕಳು ಅಂತ ಹೆಣ್ಣುಮಕ್ಕಳ ದಿನನಿತ್ಯದ ಬದುಕಿನ ಬಗ್ಗೆ ಬರೆದದ್ದು ಹೊರದೇಶದವರಿಗೂ ಮುಟ್ಟುತ್ತದೆ ಅಂತ ಗೊತ್ತಾದಾಗ ಇನ್ನೊಂದು ಕುತೂಹಲ ಹುಟ್ಟುವುದು ಸಹಜ. ಬೇರೆ ಕಡೆ ಹೀಗೆ ಬರೆದವರು ಯಾರು? ಆಫ್ರಿಕಾದ ಕಡೆ ತಿರುಗಿದರೆ ಬೇಗ ಸಿಗುವ ಹೆಸರುಗಳಲ್ಲಿ ಎಮೆಚೆಟಾ ಅವರದೂ ಒಂದು. ಇಪ್ಪತ್ತಕ್ಕೂ ಹೆಚ್ಚು ಪುಸ್ತಕ ಬರೆದು 2017ರ ಜನವರಿಯಲ್ಲಿ ತೀರಿಕೊಂಡರು. ಆಮೇಲೆ ಅವರ ಹಳೆಯ ಕಾದಂಬರಿಗಳು ಹೊಸದಾಗಿ ಅಚ್ಚಾಗಿ ಮತ್ತೆ ಅಂಗಡಿಗೆ ಬಂದಿವೆ.

ಆದರೆ ಪುಸ್ತಕ ತೆರೆದರೆ ಇಗ್ಬೋ, ಚಿ, ಗಾರಿ, ಡೋಲ್ ಅಂತ ಗೊತ್ತಿಲ್ಲದ ಪದಗಳು ಸಾಲಾಗಿ ಎದುರಾಗುತ್ತವೆ. ಹಾಗಾಗಿ ಬುಡದಿಂದಲೇ ಶುರು ಮಾಡೋಣ.

ಊರು, ಜನ, ಹೆಸರು

ನೈಜೀರಿಯಾ ಪಶ್ಚಿಮ ಆಫ್ರಿಕಾದ ದೇಶ. 1960ರ ಅಕ್ಟೋಬರ್ 1ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ನಮ್ಮ ಹಾಗೆಯೇ ನೂರಾರು ಭಾಷೆಗಳು, ಆಡಳಿತಕ್ಕೆ ಇಂಗ್ಲಿಷ್. ದೊಡ್ಡ ಜನಾಂಗಗಳು ಮೂರು: ಉತ್ತರದಲ್ಲಿ ಹೌಸಾ, ನೈರುತ್ಯದಲ್ಲಿ ಯೊರುಬಾ, ಆಗ್ನೇಯದಲ್ಲಿ ಇಗ್ಬೋ. ಎಮೆಚೆಟಾ ಅವರದು ಇಗ್ಬೋ ಕುಟುಂಬ. ಮೂಲ ಊರು ನೈಜರ್ ನದಿಯ ಪಶ್ಚಿಮಕ್ಕಿರುವ ಇಬುಸಾ. ಆದರೆ ಹುಟ್ಟಿದ್ದು 1944ರ ಜುಲೈ 21ರಂದು ಲಾಗೋಸ್‌ನಲ್ಲಿ. ಅಪ್ಪ ಅಲ್ಲಿ ರೈಲ್ವೆ ನೌಕರ. ಹಳ್ಳಿ ಬಿಟ್ಟು ಬೊಂಬಾಯಿಗೆ ಕೆಲಸಕ್ಕೆ ಹೋಗಿ, ವರ್ಷಕ್ಕೊಮ್ಮೆ ಊರಿಗೆ ಬಂದು, ಮಾತೆತ್ತಿದರೆ 'ನಮ್ಮೂರು' ಅನ್ನುವ ಮನೆಗಳನ್ನು ನೆನೆಸಿಕೊಳ್ಳಿ. ಅಂಥದೇ ಮನೆ.

ಬುಚಿ ಅನ್ನುವುದು ಓನ್ಯೆಬುಚಿ ಎಂಬ ಹೆಸರಿನ ತುಂಡು. ಇದರಲ್ಲಿ ಬರುವ 'ಚಿ' ತುಂಬಾ ಮುಖ್ಯ. ಇಗ್ಬೋ ನಂಬಿಕೆಯಲ್ಲಿ ಪ್ರತಿಯೊಬ್ಬರಿಗೂ ಅವರದೇ ಒಂದು ದೈವ ಇರುತ್ತದೆ. ಹುಟ್ಟುವಾಗ ಜೊತೆಗೇ ಬರುತ್ತದೆ. ಒಳ್ಳೆಯದಾದರೂ ಕೆಟ್ಟದ್ದಾದರೂ ಅದರದೇ ಕೆಲಸ. ನಾವು 'ಹಣೆಬರಹ' ಅಂತ ಕೈಚೆಲ್ಲುತ್ತೇವಲ್ಲ, ಆ ಹಣೆಬರಹಕ್ಕೆ ಮುಖ, ಮನಸ್ಸು, ಹಳೇ ಸೇಡು ಎಲ್ಲ ಇದ್ದರೆ ಹೇಗೋ ಹಾಗೆ.

ತೆರ ಅಂದರೆ ಮಾರಾಟವೇ?

ಇಗ್ಬೋ ಜನರ ಮದುವೆಯಲ್ಲಿ ತೆರ ಕೊಟ್ಟರೇನೇ ಮದುವೆ ಪಕ್ಕಾ. ಅದು ಬರೀ ದುಡ್ಡಲ್ಲ, ಎರಡು ಮನೆಗಳ ನಡುವಿನ ಒಪ್ಪಂದದ ಗುರುತು ಅಂತ ಹಿರಿಯರು ಹೇಳುತ್ತಾರೆ. ಅದೂ ಸುಳ್ಳಲ್ಲ. ಆದರೆ ಅದರ ಹಿಂದೆ ಲೆಕ್ಕವೂ ಇದೆ. ತೆರ ಕೊಡದಿದ್ದರೆ ಹುಟ್ಟುವ ಮಕ್ಕಳು ಹೆಂಡತಿಯ ತವರಿಗೆ ಸೇರಿದವರು. ಹೆಂಡತಿ ಬಿಟ್ಟು ಹೋದರೆ ತೆರ ವಾಪಸ್ ಕೊಡಬೇಕು. ಅಂದರೆ ಗಂಡನನ್ನು ಬಿಡಬೇಕು ಅಂದುಕೊಂಡ ಹೆಂಗಸಿಗೆ ಅವಳ ಅಪ್ಪನೋ ಅಣ್ಣನೋ ಮೊದಲು ಕೇಳುವುದು, 'ಆ ದುಡ್ಡು ಎಲ್ಲಿಂದ ತರಲಿ?'

1976ರಲ್ಲಿ ಬಂದ 'ದ ಬ್ರೈಡ್ ಪ್ರೈಸ್' ಕಾದಂಬರಿಯ ಹುಡುಗಿಯ ಹೆಸರು ಅಕುನ್ನಾ. ಇಗ್ಬೋದಲ್ಲಿ ಹಾಗೆಂದರೆ 'ಅಪ್ಪನ ಆಸ್ತಿ'. ಮಗಳಿಂದ ಅಪ್ಪನಿಗೆ ಬರುವುದು ತೆರ ಒಂದೇ ತಾನೇ, ಅದಕ್ಕೇ ಆ ಹೆಸರು. ಕರೆಯುವುದು ಮಾತ್ರ ಮುದ್ದಿನಿಂದ! ಅವಳು ಮನಸ್ಸು ಕೊಡುವ ಹುಡುಗ ಗುಲಾಮರ ವಂಶದವನು. ಓದಿದವನು, ಒಳ್ಳೆಯವನು, ಮನೆಯಲ್ಲಿ ದುಡ್ಡೂ ಇದೆ. ಆದರೂ 'ಅವರ ಮನೆಗೆ ಹೆಣ್ಣು ಕೊಡುವುದಿಲ್ಲ' ಅನ್ನುವ ಊರಿನ ಕಟ್ಟು. ಇದು ಎಂಥ ಕಟ್ಟು ಅಂತ ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಎರಡು ಶಿಲ್ಲಿಂಗ್

ಎಮೆಚೆಟಾ ತಮ್ಮ ಬದುಕನ್ನು ಅಡಾ ಎಂಬ ಪಾತ್ರದ ಹೆಸರಲ್ಲಿ ಎರಡು ಕಾದಂಬರಿಗಳಲ್ಲಿ ಬರೆದರು. 'ಇನ್ ದ ಡಿಚ್' 1972ರಲ್ಲಿ, 'ಸೆಕೆಂಡ್ ಕ್ಲಾಸ್ ಸಿಟಿಜನ್' 1974ರಲ್ಲಿ. ಒಂದು ಗೊಂದಲ ಮೊದಲೇ ಬಗೆಹರಿಸಿಬಿಡುತ್ತೇನೆ. ಎರಡನೆಯದಾಗಿ ಬಂದ ಪುಸ್ತಕದಲ್ಲೇ ಕಥೆಯ ಮೊದಲ ಭಾಗ ಇದೆ. ಬಾಲ್ಯ, ಮದುವೆ, ಲಂಡನ್ ಎಲ್ಲ ಅದರಲ್ಲಿ. ಗಂಡನನ್ನು ಬಿಟ್ಟ ಮೇಲಿನದ್ದು 'ಇನ್ ದ ಡಿಚ್'ನಲ್ಲಿ.

ಅಡಾಳ ತಮ್ಮನನ್ನು ಶಾಲೆಗೆ ಹಾಕುತ್ತಾರೆ, ಅವಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಒಂದು ದಿನ ಅಮ್ಮನ ಕಣ್ಣು ತಪ್ಪಿಸಿ, ಸ್ಲೇಟು ಹಿಡಿದುಕೊಂಡು, ಪಕ್ಕದ ಮನೆಯ ಮೇಷ್ಟ್ರ ತರಗತಿಗೆ ತಾನೇ ಹೋಗಿ ಕೂತುಬಿಡುತ್ತಾಳೆ. ಇತ್ತ ಮಗು ಕಾಣೆ ಅಂತ ಗಲಾಟೆ. ಮಗುವನ್ನು ನೋಡಿಕೊಳ್ಳಲಿಲ್ಲ ಅಂತ ಪೊಲೀಸರು ಅಮ್ಮನನ್ನೇ ಠಾಣೆಗೆ ಕರೆದೊಯ್ದು, ದೊಡ್ಡ ಬಟ್ಟಲಿನ ತುಂಬ ನೀರು ಬೆರೆಸಿದ ಗಾರಿ ಕುಡಿಸುತ್ತಾರೆ. ಗಾರಿ ಅಂದರೆ ಮರಗೆಣಸನ್ನು ತುರಿದು, ಹುಳಿ ಬರಿಸಿ, ಹುರಿದು ಮಾಡಿದ ರವೆಯಂಥ ಪುಡಿ. ಬಡವರ ಮನೆಯ ಅನ್ನ. ಆ ಅನ್ನವನ್ನೇ ಸಾಕು ಸಾಕು ಅನ್ನುವವರೆಗೂ ಕುಡಿಸುವುದು ಶಿಕ್ಷೆ. ಹೀಗೆ ಅಡಾಳಿಗೆ ಶಾಲೆ ಸಿಕ್ಕಿತು.

ಅಪ್ಪ ತೀರಿಕೊಂಡ ಮೇಲೆ ಅವಳು ನೆಂಟರ ಮನೆಯಲ್ಲಿ ಚಾಕರಿಯವಳಂತೆ ಇರಬೇಕಾಯಿತು. ಹೈಸ್ಕೂಲ್ ಪ್ರವೇಶ ಪರೀಕ್ಷೆಗೆ ಶುಲ್ಕ ಎರಡು ಶಿಲ್ಲಿಂಗ್. ಮಾಂಸ ತರಲು ಕೊಟ್ಟ ಎರಡು ಶಿಲ್ಲಿಂಗ್ ಅವಳ ಕೈಯಲ್ಲೇ ಇತ್ತು. ಅದನ್ನು ಮುಚ್ಚಿಟ್ಟು, ದುಡ್ಡು ಕಳೆದುಹೋಯಿತು ಅಂದಳು. ನೂರಕ್ಕೂ ಜಾಸ್ತಿ ಬೆತ್ತದ ಏಟು ಬಿತ್ತು. ಬಾಯಿ ಬಿಡಲಿಲ್ಲ. ಪರೀಕ್ಷೆ ಬರೆದಳು, ವಿದ್ಯಾರ್ಥಿವೇತನದ ಜೊತೆ ಸೀಟೂ ಸಿಕ್ಕಿತು. ಇದು ಕಾದಂಬರಿ. ನಿಜ ಜೀವನದಲ್ಲೂ ಎಮೆಚೆಟಾ ಲಾಗೋಸ್‌ನ ಮೆಥಡಿಸ್ಟ್ ಬಾಲಕಿಯರ ಹೈಸ್ಕೂಲಿನಲ್ಲಿ ವಿದ್ಯಾರ್ಥಿವೇತನದ ಮೇಲೇ ಓದಿದವರು.

ಹನ್ನೊಂದನೇ ವಯಸ್ಸಿಗೇ ಗಂಡು ಗೊತ್ತಾಗಿತ್ತು. ಮದುವೆ ಆದದ್ದು ಹದಿನಾರಕ್ಕೆ, 1960ರಲ್ಲಿ. ಗಂಡ ಓದಲು ಲಂಡನ್‌ಗೆ ಹೋದ. 1962ರಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು ಇವರೂ ಹೊರಟರು.

ಎರಡನೇ ದರ್ಜೆ ಅಂದರೆ ಏನು?

ಲಾಗೋಸ್‌ನಲ್ಲಿ ಅಡಾಗೆ ಅಮೆರಿಕದ ಕಚೇರಿಯಲ್ಲಿ ಒಳ್ಳೆಯ ಕೆಲಸ, ಮನೆಯಲ್ಲಿ ಆಳುಗಳು. ಲಂಡನ್‌ನಲ್ಲಿ ಇಳಿದ ಮೇಲೆ ಗಂಡ ಹೇಳುತ್ತಾನೆ: ಅಲ್ಲಿ ನೀನು ಏನೇ ಆಗಿರಬಹುದು, ಇಂಗ್ಲೆಂಡಿನ ನೆಲ ಮುಟ್ಟಿದ ದಿನವೇ ನೀನು ಎರಡನೇ ದರ್ಜೆಯವಳು. ಪುಸ್ತಕದ ಹೆಸರು ಬಂದದ್ದು ಈ ಮಾತಿನಿಂದ.

ಆಗ ಬಾಡಿಗೆ ಮನೆಯ ಬೋರ್ಡುಗಳಲ್ಲಿ 'ಕರಿಯರಿಗೆ ಇಲ್ಲ' ಅಂತ ಬರೆದಿರುತ್ತಿದ್ದರು. ಅದು ಕಾನೂನಿಗೆ ವಿರುದ್ಧ ಆಗಲಿಲ್ಲ, 1968ರ ಜನಾಂಗ ಸಂಬಂಧ ಕಾಯ್ದೆ ಬರುವವರೆಗೂ. ಅಡಾ ಮನೆ ಹುಡುಕುವ ರೀತಿ ನೋಡಿ. ಫೋನ್ ಮಾಡುವಾಗ ತನ್ನ ಉಚ್ಚಾರಣೆ ಗೊತ್ತಾಗದಿರಲಿ ಅಂತ ಮೂಗು ಹಿಡಿದುಕೊಂಡು ಮಾತಾಡುತ್ತಾಳೆ. ಆ ಕಡೆಯ ಹೆಂಗಸು ಬನ್ನಿ ಅನ್ನುತ್ತಾಳೆ. ಗಂಡ ಹೆಂಡತಿ ಕತ್ತಲಾದ ಮೇಲೆ ಹೋಗುತ್ತಾರೆ. ಬಾಗಿಲು ತೆಗೆದವಳು ಇವರ ಮುಖ ಕಂಡು ಬೆಚ್ಚಿ, ಮನೆ ಈಗಷ್ಟೇ ಹೋಯಿತು ಅನ್ನುತ್ತಾಳೆ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಅಲೆದವರಲ್ಲಿ ಎಷ್ಟೋ ಮಂದಿಗೆ 'ಈಗಷ್ಟೇ ಹೋಯಿತು' ಅನ್ನುವ ಮಾತಿನ ಅರ್ಥ ಗೊತ್ತು. ಹೆಸರು ಕೇಳಿದ ಮೇಲೆ, ಇಲ್ಲಾ 'ನೀವು ಯಾವ ಜನ' ಅಂತ ಕೇಳಿದ ಮೇಲೆ ಬರುವ ಮಾತು ಅದು.

ಕಾದಂಬರಿ ಇಷ್ಟಕ್ಕೇ ನಿಲ್ಲುವುದಿಲ್ಲ. ಎರಡನೇ ದರ್ಜೆ ಬಿಳಿಯರ ಕಣ್ಣಲ್ಲಿ ಮಾತ್ರ ಅಲ್ಲ, ಮನೆಯೊಳಗೂ ಇದೆ. ಮೇಲಿಂದ ಮೇಲೆ ಬಸಿರಾಗಿ ಸುಸ್ತಾದ ಅಡಾ ಕುಟುಂಬ ಯೋಜನೆಯ ಕ್ಲಿನಿಕ್‌ಗೆ ಹೋಗುತ್ತಾಳೆ. ಅರ್ಜಿಯಲ್ಲಿ ಗಂಡನ ಸಹಿ ಬೇಕು. ಅವನು ಹಾಕುವವನಲ್ಲ ಅಂತ ಗೊತ್ತು, ತಾನೇ ಅವನ ಸಹಿ ಹಾಕುತ್ತಾಳೆ. ಗುಟ್ಟು ರಟ್ಟಾದ ದಿನ ಅವನು ಹೊಡೆಯುತ್ತಾನೆ. ಅವಳ ಮೈಯ ಬಗ್ಗೆ ಅವಳೇ ತೀರ್ಮಾನ ಮಾಡಿದ್ದು ತಪ್ಪಾಯಿತು.

ನಾಲ್ಕು ನೋಟ್‌ಬುಕ್

ಅಡಾ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿನ ಗೆಳೆಯರು ಅವಳಿಗೆ ಕಪ್ಪು ಲೇಖಕರ ಪುಸ್ತಕಗಳ ರುಚಿ ಹತ್ತಿಸುತ್ತಾರೆ. ಅವಳೂ ಶಾಲೆ ಮಕ್ಕಳ ನಾಲ್ಕು ನೋಟ್‌ಬುಕ್ಕುಗಳಲ್ಲಿ ಒಂದು ಕಥೆ ಬರೆಯುತ್ತಾಳೆ. ಗೆಳೆಯನೊಬ್ಬ ಓದಿ, 'ಇದು ನಿನ್ನ ತಲೆಯಲ್ಲಿ ಹುಟ್ಟಿದ ಮಗು' ಅನ್ನುತ್ತಾನೆ. ಗಂಡ ಓದುವುದೂ ಇಲ್ಲ. ಒಂದು ದಿನ ಮನೆಗೆ ಬಂದರೆ ಕಾಗದ ಸುಟ್ಟ ವಾಸನೆ. ಅವನು ಆ ನೋಟ್‌ಬುಕ್ಕುಗಳನ್ನು ಒಲೆಗೆ ಹಾಕುತ್ತಿದ್ದ.

ಇದು ಕಟ್ಟುಕಥೆ ಅಲ್ಲ. ಎಮೆಚೆಟಾ ಅವರ ಮೊದಲ ಹಸ್ತಪ್ರತಿಯನ್ನು ಅವರ ಗಂಡ ನಿಜವಾಗಿಯೂ ಸುಟ್ಟ. ಸುಟ್ಟುಹೋದದ್ದು 'ದ ಬ್ರೈಡ್ ಪ್ರೈಸ್'. ಮೇಲೆ ಹೇಳಿದೆನಲ್ಲ, ಅಕುನ್ನಾಳ ಕಥೆ. ಅದನ್ನು ಮತ್ತೆ ಮೊದಲಿಂದ ಬರೆದರು. 1976ರಲ್ಲಿ ಅಚ್ಚಾದದ್ದು ಎರಡನೇ ಸಲ ಬರೆದ ಪುಸ್ತಕ. ಹೆಣ್ಣಿಗೆ ಬೆಲೆ ಕಟ್ಟುವುದರ ಬಗ್ಗೆ ಹೆಂಡತಿ ಬರೆದದ್ದನ್ನು ಗಂಡನೇ ಸುಟ್ಟ. ಆ ಪುಸ್ತಕ ಏನು ಹೇಳುತ್ತಿತ್ತೋ ಅದೇ ಮನೆಯೊಳಗೆ ನಡೆದುಹೋಯಿತು.

ಇಪ್ಪತ್ತೆರಡನೇ ವಯಸ್ಸಿಗೆ ಗಂಡನನ್ನು ಬಿಟ್ಟರು. ಆರು ವರ್ಷಕ್ಕೆ ಐದು ಮಕ್ಕಳು, ಐದನೆಯದು ಆಗ ಇನ್ನೂ ಹೊಟ್ಟೆಯಲ್ಲಿತ್ತು.

ಚರಂಡಿಯೊಳಗೆ

'ಡಿಚ್' ಅಂದರೆ ಚರಂಡಿ, ಹಳ್ಳ. ಗಂಡನನ್ನು ಬಿಟ್ಟ ಅಡಾ ಸರ್ಕಾರದ ಬಡವರ ವಠಾರಕ್ಕೆ ಬರುತ್ತಾಳೆ. ಕಸದ ಕೊಳವೆಯ ನಾತ, ಕತ್ತಲ ಮೆಟ್ಟಿಲು. ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ಕೆಲಸ ಬಿಟ್ಟು ಡೋಲ್ ಮೇಲೆ ಬದುಕುತ್ತಾಳೆ. ಡೋಲ್ ಅಂದರೆ ಸಂಪಾದನೆ ಇಲ್ಲದವರಿಗೆ ಸರ್ಕಾರ ಕೊಡುವ ಭತ್ಯೆ. ಕೆಲಸಕ್ಕೆ ಹೋದರೆ ಮಕ್ಕಳಿಗೆ ದಿಕ್ಕಿಲ್ಲ, ಮನೆಯಲ್ಲೇ ಕೂತರೆ ಹಳ್ಳ ಬಿಟ್ಟು ಮೇಲೆ ಬರುವ ದಾರಿ ಇಲ್ಲ. ಆ ವಠಾರದ ಬಿಳಿಯ ಹೆಂಗಸರೂ ಇದೇ ಹಳ್ಳದಲ್ಲಿದ್ದಾರೆ. ಹೊರಗೆ ಇದ್ದ ಬಣ್ಣದ ಗೋಡೆ ಇಲ್ಲಿ ಸ್ವಲ್ಪ ತೆಳುವಾಗುತ್ತದೆ.

ಈ ಅನುಭವಗಳನ್ನು ಎಮೆಚೆಟಾ ಮೊದಲು ಬರೆದದ್ದು 'ನ್ಯೂ ಸ್ಟೇಟ್ಸ್‌ಮನ್' ಎಂಬ ವಾರಪತ್ರಿಕೆಗೆ. ಅವೇ ಸೇರಿ ಮೊದಲ ಪುಸ್ತಕವಾಯಿತು. ಇದರ ನಡುವೆಯೇ ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯದಲ್ಲಿ, ಆಮೇಲೆ ಯುವಜನರ ಕೇಂದ್ರಗಳಲ್ಲಿ ದುಡಿದರು. ಲಂಡನ್ ವಿಶ್ವವಿದ್ಯಾಲಯದಿಂದ ಸಮಾಜಶಾಸ್ತ್ರದ ಪದವಿಯನ್ನೂ ಪಡೆದರು. ಎರಡನೇ ಪುಸ್ತಕವನ್ನು ಹೊರತಂದ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು ಮಾರ್ಗರೆಟ್ ಬಸ್ಬಿ, ಘಾನಾದಲ್ಲಿ ಹುಟ್ಟಿದವರು, ಬ್ರಿಟನ್ನಿನ ಮೊದಲ ಕಪ್ಪು ಮಹಿಳಾ ಪ್ರಕಾಶಕಿ.

ಎಂಟು ಪೌಂಡ್

ಎಮೆಚೆಟಾ ಅವರ ಅಮ್ಮ ಚಿಕ್ಕವಳಿದ್ದಾಗ ಅಪ್ಪ ಅಮ್ಮ ಇಲ್ಲದ ಅನಾಥೆ. ಅಣ್ಣನೇ ಅವಳನ್ನು ಒಬ್ಬ ನೆಂಟರಿಗೆ ಮಾರಿದ. ಯಾಕೆ? ಪ್ರಾಯಕ್ಕೆ ಬಂದ ಹುಡುಗರ ಕುಣಿತದ ಹಬ್ಬಕ್ಕೆ ತಲೆಗೆ ಕಟ್ಟುವ ರೇಷ್ಮೆ ಬಟ್ಟೆ ಬೇಕಿತ್ತು! ಕೊಂಡವಳು ಸತ್ತ ಮೇಲೆ ಅಮ್ಮ ಊರಿಗೆ ವಾಪಸಾದರು. 1977ರ 'ದ ಸ್ಲೇವ್ ಗರ್ಲ್' ಇದನ್ನೇ ಇಟ್ಟುಕೊಂಡು ಬರೆದದ್ದು. ಇದಕ್ಕೆ ಜಾಕ್ ಕ್ಯಾಂಬೆಲ್ ಪ್ರಶಸ್ತಿ ಬಂತು.

ಕಾದಂಬರಿಯ ಹುಡುಗಿ ಓಜೆಬೆಟಾ. 1918ರ ಇನ್‌ಫ್ಲುಯೆಂಜಾದಲ್ಲಿ ತಂದೆ ತಾಯಿ ಸಾಯುತ್ತಾರೆ. ಅಣ್ಣ ಅವಳನ್ನು ಓನಿಚಾ ಸಂತೆಯ ಶ್ರೀಮಂತ ವ್ಯಾಪಾರಿ ಹೆಂಗಸಿಗೆ ಎಂಟು ಪೌಂಡಿಗೆ ಮಾರುತ್ತಾನೆ. ವರ್ಷಗಳಾದ ಮೇಲೆ ಅವಳು ಊರಿಗೆ ವಾಪಸ್ ಬರುತ್ತಾಳೆ, ಇಷ್ಟಪಟ್ಟವನನ್ನೇ ಮದುವೆಯಾಗುತ್ತಾಳೆ. ಆದರೆ ಮಕ್ಕಳು ಉಳಿಯುವುದಿಲ್ಲ. ಹಳೇ ಧಣಿಯ ಋಣ ತೀರಿಲ್ಲ, ಅದಕ್ಕೇ ಹೀಗೆ ಅನ್ನುತ್ತಾರೆ. ಕೊನೆಗೆ ಗಂಡ ಆ ಮನೆಯವರಿಗೆ ಎಂಟು ಪೌಂಡ್ ಎಣಿಸಿ ಕೊಡುತ್ತಾನೆ. ಎಲ್ಲರಿಗೂ ಸಂತೋಷ. ಇಲ್ಲಿ ಎಮೆಚೆಟಾ ತಣ್ಣಗೆ ಒಂದು ಮಾತು ಸೇರಿಸುತ್ತಾರೆ: ಅವಳು ಬಿಡುಗಡೆಯಾಗಲಿಲ್ಲ, ಧಣಿ ಬದಲಾದ ಅಷ್ಟೇ.

ಇಪ್ಪತ್ತು ಚೀಲ ಕವಡೆ

ಅವರ ಅತ್ಯಂತ ಹೆಸರುವಾಸಿ ಪುಸ್ತಕ 1979ರ 'ದ ಜಾಯ್ಸ್ ಆಫ್ ಮದರ್‌ಹುಡ್', ಅಂದರೆ ತಾಯ್ತನದ ಸುಖಗಳು. ಆ ಹೆಸರೇ ಒಂದು ಕುಟುಕು. ಅದನ್ನು ಎತ್ತಿಕೊಂಡದ್ದು ನೈಜೀರಿಯಾದ್ದೇ ಇನ್ನೊಬ್ಬ ಲೇಖಕಿ ಫ್ಲೋರಾ ನ್ವಾಪಾ ಅವರ 1966ರ 'ಎಫುರು' ಕಾದಂಬರಿಯ ಕೊನೆಯ ಸಾಲುಗಳಿಂದ.

ನಾಯಕಿಯ ಹೆಸರು ನ್ನು ಎಗೊ. ಅರ್ಥ, ಇಪ್ಪತ್ತು ಚೀಲ ಕವಡೆ. ಕವಡೆ ಆಗಿನ ನಾಣ್ಯ. ಮಗಳು ಅಷ್ಟು ಬೆಲೆಬಾಳುವವಳು ಅಂತ ಅಪ್ಪನ ಪ್ರೀತಿ. ಗಮನಿಸಿದಿರಾ? ಅಕುನ್ನಾ ಅಪ್ಪನ ಆಸ್ತಿ, ಇವಳು ಕವಡೆಯ ಚೀಲ. ಮುದ್ದಿನ ಹೆಸರಲ್ಲೂ ದುಡ್ಡಿನ ಲೆಕ್ಕ.

ಮೊದಲ ಮದುವೆಯಲ್ಲಿ ಮಕ್ಕಳಾಗದೆ ನ್ನು ಎಗೊ ತವರಿಗೆ ವಾಪಸ್ ಬರುತ್ತಾಳೆ. ಅವಳ ಚಿ ಒಬ್ಬ ಗುಲಾಮ ಹೆಂಗಸು ಅಂತ ಊರವರ ನಂಬಿಕೆ. ಧಣಿಯ ಹಿರಿಯ ಹೆಂಡತಿ ಸತ್ತಾಗ ಜೊತೆಗೆ ಹೂಳಲು ಬಲವಂತವಾಗಿ ಕೊಂದವಳು. ಅವಳ ಸಿಟ್ಟು ಈ ಜನ್ಮದಲ್ಲಿ ಕಾಡುತ್ತಿದೆ. ಎರಡನೇ ಗಂಡ ಲಾಗೋಸ್‌ನಲ್ಲಿ ಬಿಳಿಯರ ಮನೆಯ ದೋಬಿ. ದೊರೆಸಾನಿಯ ಒಳಬಟ್ಟೆ ಒಗೆಯುವವನನ್ನು ಗಂಡಸು ಅಂತ ಒಪ್ಪಲು ಅವಳಿಗೆ ಮನಸ್ಸು ಬರುವುದಿಲ್ಲ. ಮೊದಲ ಮಗು ಸತ್ತಾಗ ಸೇತುವೆಯಿಂದ ಹಾರಲು ಓಡುತ್ತಾಳೆ. ಆಮೇಲೆ ಮಕ್ಕಳೇನೋ ಆಗುತ್ತವೆ, ಒಂದರ ಹಿಂದೊಂದು. ಎರಡನೇ ಮಹಾಯುದ್ಧ ಬಂದಾಗ ಗಂಡನನ್ನು ಬೀದಿಯಿಂದಲೇ ಹಿಡಿದು ಸೈನ್ಯಕ್ಕೆ ಸೇರಿಸಿ ಭಾರತ, ಬರ್ಮಾ ಕಡೆ ಸಾಗಿಸುತ್ತಾರೆ. ಬ್ರಿಟಿಷರು ಪಶ್ಚಿಮ ಆಫ್ರಿಕಾದ ಸೈನಿಕರನ್ನು ಬರ್ಮಾ ಯುದ್ಧಕ್ಕೆ ಕಳಿಸಿದ್ದು ಇತಿಹಾಸ. ಇತ್ತ ಅವಳು ಸೌದೆ ಮಾರಿ, ಬೀದಿಯಲ್ಲಿ ಚಿಲ್ಲರೆ ವ್ಯಾಪಾರ ಮಾಡಿ ಮಕ್ಕಳನ್ನು ಓದಿಸುತ್ತಾಳೆ.

ಈ ಪುಸ್ತಕದಲ್ಲಿ ನನಗೆ ಮರೆಯಲಾಗದ್ದು ಕೋರ್ಟಿನ ದೃಶ್ಯ. ಗಂಡನ ಮೇಲೆ ಕೇಸು. ಮಕ್ಕಳ ಶಾಲೆಯ ಫೀಸು ಯಾರು ಕಟ್ಟುತ್ತಾರೆ ಅಂತ ವಕೀಲ ಕೇಳುತ್ತಾನೆ. ಕಟ್ಟುವವಳು ಅವಳೇ. ಆದರೆ ಅವಳ ಉತ್ತರ ಬೇರೆ: ನಾನು ಕಟ್ಟಿದರೂ, ನಾನು ಅವನ ಸ್ವತ್ತು, ಹಾಗಾಗಿ ಅವನು ಕಟ್ಟಿದ ಹಾಗೇ. ಕೋರ್ಟಿಗೆ ಕೋರ್ಟೇ ನಗುತ್ತದೆ. ಅವಳು ತಮಾಷೆ ಮಾಡಿರಲಿಲ್ಲ. ಅವಳಿಗೆ ಕಲಿಸಿದ ಲೆಕ್ಕ ಅದು, ತಪ್ಪಿಲ್ಲದೆ ಒಪ್ಪಿಸಿದಳು. ಅದೇ ಉತ್ತರ ಗಂಡನಿಗೆ ಮುಳುವಾಗುತ್ತದೆ.

ಗಂಡುಮಕ್ಕಳು ಅಮೆರಿಕಕ್ಕೆ, ಕೆನಡಾಕ್ಕೆ ಹೋಗುತ್ತಾರೆ. ಅವಳು ಒಂದು ರಾತ್ರಿ ರಸ್ತೆ ಬದಿಯಲ್ಲಿ ಒಬ್ಬಳೇ ಸಾಯುತ್ತಾಳೆ. ಆಮೇಲೆ ಮಕ್ಕಳು ಬಂದು ಊರೇ ಕಂಡಿರದಂಥ ಅದ್ದೂರಿ ತಿಥಿ ಮಾಡುತ್ತಾರೆ, ಗುಡಿಯನ್ನೂ ಕಟ್ಟಿಸುತ್ತಾರೆ. ಮಕ್ಕಳಿಲ್ಲದವರು ಅಲ್ಲಿಗೆ ಹರಕೆ ಹೊತ್ತು ಬರುತ್ತಾರೆ. ಅವಳು ಯಾರಿಗೂ ಮಕ್ಕಳನ್ನು ಕೊಡುವುದಿಲ್ಲ.

ಚಿಕ್ಕ 'ಎಫ್'

ಸ್ತ್ರೀವಾದಿಯಾ ಅಂತ ಕೇಳಿದರೆ ಎಮೆಚೆಟಾ, ಹೌದು, ಆದರೆ ಚಿಕ್ಕ 'ಎಫ್' ಹಾಕಿ ಬರೆಯುವ ಫೆಮಿನಿಸ್ಟ್ ಅನ್ನುತ್ತಿದ್ದರು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲವಲ್ಲ, ಹಾಗಾಗಿ ಬಿಡಿಸಿ ಹೇಳಬೇಕು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಹಾಕಿದರೆ ಅದು ಸಂಘಟನೆ, ಸಿದ್ಧಾಂತ, ಬಾವುಟ. ಯುರೋಪಿನ ಹೆಂಗಸರ ಆ ಬಾವುಟ ಪೂರ್ತಿ ತನ್ನದಲ್ಲ, ಆಫ್ರಿಕಾದ ಹೆಂಗಸಿನ ಕಣ್ಣಿಗೆ ಕಂಡದ್ದನ್ನು ಬರೆಯುತ್ತೇನೆ, ಸಂಸಾರ ಅನ್ನುವುದರ ಮೇಲೆ ನನಗೆ ನಂಬಿಕೆ ಇದೆ ಅನ್ನುವುದು ಅವರ ನಿಲುವು. ಕೆಲವು ವಿಮರ್ಶಕರಿಗೆ ಇದು ಹಿಡಿಸಲಿಲ್ಲ. ಇನ್ನು ಕೆಲವರು, ಆಫ್ರಿಕಾದ ಗಂಡಸರನ್ನು ಬರೀ ಕೆಟ್ಟವರಂತೆ ತೋರಿಸಿದ್ದಾರೆ ಅಂತ ಆಕ್ಷೇಪ ಎತ್ತಿದರು.

1983ರಲ್ಲಿ 'ಗ್ರಾಂಟಾ' ಪತ್ರಿಕೆ ಬ್ರಿಟನ್ನಿನ ಅತ್ಯುತ್ತಮ ಯುವ ಕಾದಂಬರಿಕಾರರ ಪಟ್ಟಿ ಮಾಡಿತು. ಸಲ್ಮಾನ್ ರಶ್ದಿ, ಕಜುವೊ ಇಶಿಗುರೊ ಜೊತೆ ಎಮೆಚೆಟಾ ಹೆಸರೂ ಇತ್ತು. 2005ರಲ್ಲಿ ಬ್ರಿಟಿಷ್ ಸರ್ಕಾರದ ಓಬಿಇ ಗೌರವ ಬಂತು. ತಮ್ಮದೇ ಪ್ರಕಾಶನವನ್ನೂ ನಡೆಸಿದರು.

ಎಲ್ಲಿಂದ ಶುರು ಮಾಡುವುದು?

ಬದುಕಿನ ಕಥೆ ಬೇಕಿದ್ದರೆ 'ಸೆಕೆಂಡ್ ಕ್ಲಾಸ್ ಸಿಟಿಜನ್'. ಇಂಗ್ಲಿಷ್ ಸರಳ, ಪದಕೋಶ ಪಕ್ಕದಲ್ಲಿಟ್ಟುಕೊಳ್ಳಬೇಕಿಲ್ಲ. ಆಮೇಲೆ 'ದ ಜಾಯ್ಸ್ ಆಫ್ ಮದರ್‌ಹುಡ್'. ಎರಡೂ ಹಿಡಿಸಿದರೆ 1986ರ ಆತ್ಮಕಥೆ 'ಹೆಡ್ ಅಬವ್ ವಾಟರ್' ಹುಡುಕಿ.

ಓದಲು ಕೂತಾಗ 'ಸೆಕೆಂಡ್ ಕ್ಲಾಸ್ ಸಿಟಿಜನ್'ನ ಅರ್ಪಣೆಯ ಪುಟವನ್ನು ಸುಮ್ನೆ ಮಗುಚಿ ಹಾಕಬೇಡಿ. ಪುಸ್ತಕವನ್ನು ಐದೂ ಮಕ್ಕಳ ಹೆಸರು ಹೇಳಿ ಅವರಿಗೆ ಕೊಟ್ಟಿದ್ದಾರೆ. ಹಿಂದಿನಿಂದ ಬರುತ್ತಿದ್ದ ಅವರ ಸಿಹಿ ಗಲಾಟೆ ಇಲ್ಲದಿದ್ದರೆ ಈ ಪುಸ್ತಕ ಬರೆಯಲು ಆಗುತ್ತಿರಲಿಲ್ಲ ಅಂತ ಅಲ್ಲಿದೆ.